ಟೈಮರ್ ಹನ್ನೊಂದು

ಮಾಚೇನಹಳ್ಳಿ ಫೌಂಡ್ರಿ, ರಾತ್ರಿ ಪಾಳಿ.
ಸ್ಕ್ರೀನ್ ತುಂಬ ಕೆಂಪು: ಮುಚ್ಚಳ ತೆರೆದಿದೆ.
ಮುಚ್ಚಳವೋ, ಮುಚ್ಚಿಯೇ ಇದೆ;
ಸುತ್ತಿಗೆಯಿಂದ ಕುಟ್ಟಿ ತೋರಿಸಿದರು ಹಾಲೇಶಣ್ಣ.

ಲ್ಯಾಪ್‌ಟಾಪ್ ಜೋಡಿಸಿ ಲ್ಯಾಡರ್ ಹತ್ತಿದೆ,
ಒಂದೊಂದೇ ಮೆಟ್ಟಿಲು. ಹಸಿರು, ಹಸಿರು,
ನಲವತ್ತನೆಯದರಲ್ಲಿ ಕತ್ತಲು.
ಸೆನ್ಸರಿನ ಕಣ್ಣಿಗೆ ಕರಿಮರಳು ಮೆತ್ತಿತ್ತು.
ಬನಿಯನ್ ಬಟ್ಟೆಯಲ್ಲಿ ಒರೆಸಿದೆ. ಅಷ್ಟೇ.

ಇಳಿಯುವಾಗ ಕಂಡದ್ದು ಈ ಟೈಮರ್:
ಮುಚ್ಚಳ ಬೀಳುವ ಮೊದಲು
ಎರಡೂವರೆ ಸೆಕೆಂಡು ಸುಮ್ಮನೆ ಕಾಯುತ್ತದೆ.
ಯಾವ ಪುಣ್ಯಾತ್ಮ ಬರೆದನೋ, ಟಿಪ್ಪಣಿಯಿಲ್ಲ.
ಕಿತ್ತರೆ ಪಾಳಿಗೆ ಹನ್ನೆರಡು ಅಚ್ಚು ಜಾಸ್ತಿ.
ಡಿಲೀಟ್ ಮೇಲೆ ಬೆರಳಿಟ್ಟೆ.

‘ಬಿಡ್ಲಾ ಸಾರ್?’ ಅಂದರು ಹಾಲೇಶಣ್ಣ,
ಗ್ಲೌಸು ಹಲ್ಲಲ್ಲಿ ಕಚ್ಚಿ ಎಳೆದು
ಸ್ಟಾರ್ಟ್ ಒತ್ತಿದರು,
ಬಲಗೈಯಲ್ಲಿ ಉಳಿದಿದ್ದ
ಮೂರರಲ್ಲಿ ಒಂದು ಬೆರಳಿಂದ.

ಕಾಯಿತು.
ಆಮೇಲೆ ಬಿತ್ತು ಮುಚ್ಚಳ.

ಟಿಪ್ಪಣಿಯ ಖಾಲಿ ಜಾಗದಲ್ಲಿ ಟೈಪಿಸಿದೆ:
ಇರಲಿ.