ಹದಿನಾಲ್ಕು ಕಿಲೋಮೀಟರು

ಐವತ್ತು ದಾಟದ ಟ್ರಿಪ್ಪಿಗೆ ಲಾಗ್‌ಬುಕ್ಕಿಲ್ಲ,
ಅಂದ ಗುಮಾಸ್ತ ಗಂಗಹನುಮಯ್ಯ,
'ಲೋಕಲ್ಲು ತಾನೆ, ಹೋಗಿ ಬಾ.'

ಪೀಣ್ಯದಲ್ಲಿ ಬೋಲ್ಟಿನ ಪೆಟ್ಟಿಗೆ ಏರಿಸಿದರೆ
ಕಲಾಸಿಪಾಳ್ಯಕ್ಕೆ ಹದಿನಾಲ್ಕು.
ಗೊರಗುಂಟೆಪಾಳ್ಯದಲ್ಲೇ ಒಂದು ಬೀಡಿ, ಇನ್ನೊಂದು ಬೀಡಿ,
ಕ್ಲಚ್ಚಿನ ಮೇಲೆ ಜೋಮು ಹಿಡಿದ ಎಡಗಾಲು.
ನಾಲ್ಕು ಸಲ ಹೋಗಿಬಂದರೆ ನೂರು ದಾಟುತ್ತೆ,
ಒಂದೊಂದೇ ಎಣಿಸಿದರೆ ದಾಟಲ್ಲ.

ಹುಬ್ಬಳ್ಳಿ ಲೈನಿನ ದಾವಲ್‌ಸಾಬನಿಗೆ ಪುಸ್ತಕವಿದೆ:
ಹೊರಟದ್ದು, ನಿಂತದ್ದು, ಮಲಗಿದ್ದು,
ಕೆಳಗೆ ಅವನ ದೊಡ್ಡ ಸಹಿ.
ನನ್ನ ನಿದ್ದೆಗೆ ಕಾಲಮ್ಮೇ ಇಲ್ಲ.

ನಿನ್ನೆ ಮಗಳ ಹಳೇ ಕಾಪಿಪುಸ್ತಕದ ಕೊನೇ ಹಾಳೆಗೆ
ನಾನೇ ಗೆರೆ ಎಳೆದೆ.
ಹೊರಟದ್ದು ಐದೂ ಮುಕ್ಕಾಲು.
ಮುಟ್ಟಿದ್ದು —
ಅಲ್ಲೇ ಪೆನ್ನು ಹಿಡಿದು ತೂಕಡಿಸಿದೆನಂತೆ.
ಬೆಳಿಗ್ಗೆ ನೋಡಿದರೆ
ಕೆಂಪು ಶಾಯಿಯಲ್ಲಿ ಒಂದು ರೈಟು,
ಅವಳ ಟೀಚರಮ್ಮನ ಹಾಗೇ ಓರೆಯಾಗಿ:
'ನೋಡಿದೆ.'