ನೆಟ್ಟಗೆ ಅರ್ಧ ಗಂಟೆ

ಕುಡಿದ ಮೇಲೆ ಅರ್ಧ ಗಂಟೆ
ನೆಟ್ಟಗೆ ಎತ್ತಿಕೊಂಡಿರಿ, ಮಲಗಿಸಬೇಡಿ
ಅಂದಿದ್ದಾರೆ ಕೋಲಾರದ ಡಾಕ್ಟ್ರು.
ಈಗ ಮೂರೂ ಹತ್ತು.
ನನ್ನ ಎಡಹೆಗಲ ಮೇಲೆ ನಿಮ್ಮಮ್ಮನ ಹಳೇ ಸೀರೆಯ ತುಂಡು,
ಅದರ ಮೇಲೆ ನೀನು,
ನಿನ್ನ ಬಾಯಿಂದ ಇಳಿದ ಒದ್ದೆ ನಕಾಶೆ.

ಕಕ್ಕೋ ಮಗು ಗಟ್ಟಿ ಮಗು ಅಂದಳು ನಮ್ಮವ್ವ.
ನಾವು ನಂಬಿದೆವು.
ತೂಕದ ಮುಳ್ಳು ನಂಬಲಿಲ್ಲ.
ಮೊಲೆ ಬಾಯಿಗಿಟ್ಟರೆ ಎರಡು ಗುಟುಕು,
ಆಮೇಲೆ ಬಿಲ್ಲಿನಂತೆ ಬೆನ್ನು ಹಿಂದಕ್ಕೆ ಬಾಗಿಸಿ
ನೀಲಿಯಾಗುವ ತನಕ ಅಳು.
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ
"ನೋಡು, ಘಾಟೇ ಬರಲಿಲ್ಲ, ಅಷ್ಟು ದೃಷ್ಟಿ"
ಅಂದಳು ಅವ್ವ,
ಕೆಮ್ಮುತ್ತಾ.

ಏಳನೇ ವಾರ ಬಟ್ಟೆಯಲ್ಲಿ
ಹೊಲಿಗೆ ದಾರದಷ್ಟು ಕೆಂಪು ಎಳೆ.
ಶ್ರೀನಿವಾಸಪುರದಿಂದ ಮೊದಲನೇ ಬಸ್ಸು,
ದಾರಿಯುದ್ದಕ್ಕೂ ಲಾವಣ್ಯ ಮಾತಾಡಲಿಲ್ಲ.

"ಹಾಲು ಒಗ್ತಿಲ್ಲ" ಅಂದರು ಡಾಕ್ಟ್ರು.
ತಾಯಿಹಾಲಾ ಸಾರ್?
"ಅಲ್ಲ, ಹಸುವಿನದು. ತಾಯಿ ಕುಡಿದದ್ದು
ತಾಯಿಹಾಲಲ್ಲೂ ಇಳಿಯುತ್ತೆ.
ಹಾಲು, ಮೊಸರು, ಮಜ್ಜಿಗೆ, ತುಪ್ಪ, ಎಲ್ಲ ಬಿಡಬೇಕು ಇವರು.
ನೀವೇನು ಕೆಲಸ ಮಾಡ್ತೀರ?"

ಡೇರಿಲಿ ಸಾರ್. ಹಾಲಿನ ಟೆಸ್ಟರು.

ಅವರ ಪೆನ್ನು ಒಂದು ಕ್ಷಣ ನಿಂತಿತು.
ನಗಲಿಲ್ಲ, ಪಾಪ, ಒಳ್ಳೇ ಮನುಷ್ಯ.

ಹನ್ನೊಂದು ವರ್ಷ, ದಿನಕ್ಕೆರಡು ಸಲ
ನೂರಾ ಹನ್ನೆರಡು ಕ್ಯಾನುಗಳ ಮುಂದೆ ಕೂತಿದ್ದೇನೆ ಮಗಳೇ.
ಗಂಗುಲಮ್ಮನ ಸೀಮೆಹಸುವಿನದು ಫ್ಯಾಟು ಮೂರೂ ಎಂಟು,
ಪಿಳ್ಳಪ್ಪನ ಕ್ಯಾನಿಗೆ ಅರ್ಧ ಚೊಂಬು ನೀರು ಬಿದ್ದಿದ್ದರೆ
ಲ್ಯಾಕ್ಟೋಮೀಟರ್ ಇಳಿಸೋ ಮೊದಲೇ
ಅವನ ಮುಖ ನೋಡಿ ಹೇಳುತ್ತೇನೆ.
ಹಾಲಲ್ಲಿ ನೀರು ಹಿಡಿಯುವವನಿಗೆ
ನಿನ್ನಮ್ಮನ ಹಾಲಲ್ಲಿ ಹಸು ನಿಂತಿರುವುದು
ಏಳು ವಾರ ಕಾಣಲಿಲ್ಲ.

ಈಗ ಡೇರಿಯಿಂದ ಬಂದರೆ ಬಚ್ಚಲಿಗೇ ಹೋಗುತ್ತೇನೆ.
ಮೊಣಕೈವರೆಗೆ ಸೋಪು, ಅಂಗಿ ಬದಲು.
ಅಷ್ಟೇನೂ ಬೇಕಿಲ್ಲ ಅಂದರು ಡಾಕ್ಟ್ರು.
ಆದರೂ.

"ತುಪ್ಪ ಇಲ್ಲದ ಬಾಣಂತನ ಯಾವ ಊರಲ್ಲಿದೆ?"
ಅವ್ವ ಮೂರು ದಿನ ಕೇಳಿದಳು,
ನಾಲ್ಕನೇ ದಿನ ಮುದ್ದೆ ಕಟ್ಟಿ, ಹುರುಳಿ ಬಸ್ಸಾರಿಗೆ
ಎಳ್ಳೆಣ್ಣೆ ಒಗ್ಗರಣೆ ಹಾಕಿ ತಟ್ಟೆ ಮುಂದಿಟ್ಟಳು.
ಚಿಂತಾಮಣಿಯ ತೌರಿನಿಂದ ಬಂದ ತುಪ್ಪದ ಡಬ್ಬಿ
ಮಂಚದಡಿಯಲ್ಲಿ ಹಾಗೇ ಇದೆ, ಮುಚ್ಚಳಕ್ಕೆ ಬಟ್ಟೆ ಬಿಗಿದು.
ಬಿಸ್ಕತ್ತಿನ ಕಾಗದದಲ್ಲಿ ಇರುವೆಯಷ್ಟು ಅಕ್ಷರ ಓದುತ್ತೇನೆ:
ಹಾಲಿನ ಪುಡಿ.
ಬನ್ನಿನಲ್ಲೂ. ಚಾಕಲೇಟಿನಲ್ಲೂ.
ಯಾರು ಯಾರ ಮನೆಗೆ ಎಷ್ಟು ದೂರ ಹೋಗುತ್ತೆ
ನಾನು ಅಳೆದು ಕಳಿಸಿದ ಹಾಲು!

ಹದಿನೈದನೇ ದಿನ ಹಿತ್ತಲಲ್ಲಿ ಕೂತು ಅತ್ತಳು ಲಾವಣ್ಯ.
ನಿನಗೆ ಅಂದುಕೊಂಡೆ.
"ಒಂದು ಲೋಟ ಕಾಫಿಗೆ ರೀ" ಅಂದಳು,
ಅಂದದ್ದಕ್ಕೆ ನಾಚಿ ಇನ್ನೂ ಅತ್ತಳು.
ಮಾರನೇ ದಿನದಿಂದ ನಾನೂ ಬೆಲ್ಲದ ಕಷಾಯವೇ.
ಚೆನ್ನಾಗಿಲ್ಲ. ಇಬ್ಬರೂ ಹಾಗೆ ಹೇಳುವುದಿಲ್ಲ.

ಡೇರಿ ಪುಸ್ತಕದ ಕೊನೇ ಹಾಳೆಯಲ್ಲಿ
ನೂರಾ ಹದಿಮೂರನೇ ಸದಸ್ಯೆ ನೀನು.
ತೂಕದ ಕಾಲಂ: ಈ ವಾರ ನೂರಾ ಮೂವತ್ತು ಗ್ರಾಂ ಮೇಲೆ.
ಫ್ಯಾಟಿನ ಕಾಲಮ್ಮಿನಲ್ಲಿ ಬರೆಯುತ್ತೇನೆ
ಎಷ್ಟು ಸಲ ಕಕ್ಕಿದೆ ಅಂತ.
ಒಂಬತ್ತು. ಒಂಬತ್ತು. ಆರು.
ನಿನ್ನೆ ಮತ್ತೆ ಎಂಟು, ಯಾಕೋ ಗೊತ್ತಿಲ್ಲ.

ಮೂರೂ ನಲವತ್ತು. ಅರ್ಧ ಗಂಟೆ ಆಯಿತು.
ಕೊಟ್ಟಿಗೆಯಲ್ಲಿ ಹಸು ಮಗ್ಗುಲು ಬದಲಿಸಿದ ಸದ್ದು,
ಅದರದೇನು ತಪ್ಪು.
ದೊಡ್ಡವರ ಹಾಗೆ ತೇಗಿ, ಅದರ ಹಿಂದೆಯೇ
ನನ್ನ ಕುತ್ತಿಗೆಯ ಮೇಲೆ ಬೆಚ್ಚಗೆ ಒಂದಿಷ್ಟು ಇಳಿಸಿದೆ.
ಬೆರಳಲ್ಲಿ ಒರೆಸಿ
ಅಭ್ಯಾಸಬಲ, ಮೂಸಿದೆ.

ನಿನ್ನೆಗಿಂತ ಹುಳಿ ಕಡಿಮೆ.