ಪಾತಾಳಗರಡಿ

ಊರು ಉಪ್ಪುಂದ ಎಂದರೆ ಇಲ್ಲಿ ಯಾರೂ ನಗುವುದಿಲ್ಲ.
ನನಗೆ ಮಾತ್ರ ಒಳಗೊಳಗೇ ನಗು:
ಹನ್ನೊಂದು ವರ್ಷದಿಂದ ಮುಹರ್ರಕ್‌ನಲ್ಲಿ
ನನ್ನ ಕೆಲಸ ಉಪ್ಪು ಅಳೆಯುವುದು.

ಜನವರಿ. ಶಮಾಲ್ ಗಾಳಿ ಎದ್ದು ಮೂರನೆಯ ದಿನ.
ನೀರಿನ ಕಾರ್ಖಾನೆಯ ಕೊಳವೆ ಕಡಲಿಗೆ ಬಾಯಿ ತೆರೆದಲ್ಲಿ
ದೋಣಿ ನಿಲ್ಲಿಸಿ, ಹಗ್ಗಕ್ಕೆ ಕಟ್ಟಿದ ಉಪಕರಣವನ್ನು
ಮೊಳ ಮೊಳ ಇಳಿಬಿಡುತ್ತೇನೆ,
ಬಾವಿಗೆ ಬಿದ್ದ ಕೊಡಪಾನಕ್ಕೆ
ಪಾತಾಳಗರಡಿ ಬಿಟ್ಟ ಹಾಗೆ.

ಮೇಲೆ ನಲವತ್ತೊಂದು. ನಾಲ್ಕು ಮೀಟರಿಗೆ ನಲವತ್ತಮೂರು.
ತಳದಲ್ಲಿ ಐವತ್ತರ ಹತ್ತಿರ.
ನೋಡಲು ಏನೂ ಇಲ್ಲ. ಕನ್ನಡಕಕ್ಕೆ ಎಣ್ಣೆಬೆರಳು ತಾಗಿದಂತೆ
ನೀರು ಕೊಂಚ ಮಂಜು, ಕೊಂಚ ನಡುಕ.
ಉಪ್ಪು ತಿಂದವ ನೀರು ಕುಡಿಯಲೇಬೇಕು
ಎನ್ನುವುದು ನಮ್ಮ ಕಡೆಯ ಮಾತು.
ಇಲ್ಲಿ ತಿರುವುಮುರುವು:
ಒಂದಿಡೀ ಊರು ನೀರು ಕುಡಿಯುತ್ತದೆ,
ಉಪ್ಪು ತಿನ್ನುವುದು ಕಡಲು.

ಕೊಲ್ಲಿ ಎಂದರೆ ಆಳವಿಲ್ಲದ ಬಾಣಲೆ.
ಮೂರು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿದರೆ
ತುದಿಯ ಕಾಯಿ ನೀರಿನಿಂದ ಹೊರಗೆ.
ಬಿಸಿಲು ವರ್ಷಕ್ಕೆ ಒಂದಾಳೆತ್ತರ ನೀರು ಎತ್ತುತ್ತದೆ,
ಮಳೆ ಹಿಂತಿರುಗಿಸುವುದು ಅಂಗೈಯಷ್ಟು.
ತಗ್ಗಿದ ಜಾಗ ತುಂಬಲು ಹೊರ್ಮುಜ್ ಬಾಗಿಲಿಂದ
ಮೇಲ್ಮೇಲೆ ತೇಲುತ್ತ ಬರುತ್ತದೆ ಹೊಸ ನೀರು,
ಹಗುರ, ನಮ್ಮ ಕಡೆಯದು.
ಬಂದದ್ದು ಬತ್ತಿ ಗಟ್ಟಿಯಾಗಿ
ಶಮಾಲಿಗೆ ತಣ್ಣಗಾಗಿ ಭಾರವಾಗಿ ಕೂರುತ್ತದೆ.
ಆಮೇಲೆ ನೆಲ ಹಿಡಿದು
ಅದೇ ಬಾಗಿಲಲ್ಲಿ, ಬರುವವರ ಕಾಲಡಿಯಿಂದಲೇ
ಸದ್ದಿಲ್ಲದೆ ಹೊರಡುತ್ತದೆ.
ಎರಡು ವರ್ಷ, ಮೂರು, ಕೆಲವೊಮ್ಮೆ ಐದು ಇದ್ದು.
"ನಮ್ಮ ಕರಾರಿನ ಅವಧಿ," ಎಂದ ರೂಮಿನ ಲಿಗೋರಿ
ಉಗುರು ಕತ್ತರಿಸುತ್ತ.

ದೋಣಿಯ ಮುಬಾರಕ್‌ಗೆ ನನ್ನ ಅಂಕಿ ಬೇಡ.
ಅವನ ಅಜ್ಜ ಮುತ್ತಿಗೆ ಮುಳುಗುತ್ತಿದ್ದವ.
"ಇಲ್ಲೇ ಕೆಳಗೆ ಸಿಹಿನೀರ ಬುಗ್ಗೆಯಿತ್ತು.
ಆಡಿನ ತೊಗಲಿನ ಚೀಲ ಅದರ ಬಾಯಿಗೆ ಒತ್ತಿ
ತುಂಬಿ ತರುತ್ತಿದ್ದರು.
ಬಾಯಾರಿದವರು ಮುಳುಗಬೇಕಿತ್ತು."
ಯಾವ ಕಾಲದ್ದೋ ಮಳೆ, ಮರುಭೂಮಿಯ ಅಡಿಯ ಸುಣ್ಣಕಲ್ಲಿನಲ್ಲಿ
ಸಾವಿರಾರು ವರ್ಷ ನಡೆದು
ಇಲ್ಲಿ ತಲೆ ಎತ್ತುತ್ತಿತ್ತು.
ದಡದ ಮೇಲೆ ಪಂಪು ಬಂದವು. ಒತ್ತಡ ಇಳಿಯಿತು.

ಅವನು ಬೆರಳಿಟ್ಟು ತೋರಿಸಿದಲ್ಲಿ ಇಳಿಬಿಟ್ಟೆ:
ನಲವತ್ತನಾಲ್ಕು.
ಹತ್ತಡಿ ಸರಿದು ಮತ್ತೊಮ್ಮೆ. ನಲವತ್ತನಾಲ್ಕು.
ನಾನು ಹೇಳಲಿಲ್ಲ, ಅವನು ಕೇಳಲಿಲ್ಲ.
ಥರ್ಮಾಸಿನಿಂದ ಚಾ ಬಗ್ಗಿಸಿದ,
ಕಾರ್ಖಾನೆಯ ನೀರಿನ ಚಾ.

ರಾತ್ರಿ ಭಾವ ಹೆರಿಯ ಮೊಗವೀರನ ಫೋನು.
ದೊಡ್ಡ ಬೋಟು ಬಹಳ ಆಚೆ ಹೋಗಿತ್ತಂತೆ,
ಇನ್ನೂರೈವತ್ತು ಮೀಟರಿಗೆ ಬಲೆ,
ಹೆಸರಿಲ್ಲದ ಕೆಂಪು ಸಿಗಡಿ ಬಿಟ್ಟರೆ ಏನಿಲ್ಲ.
ಸುಮಾರು ಅಷ್ಟೇ ಆಳದಲ್ಲಿ
ಇಲ್ಲಿಂದ ಹೊರಟ ಉಪ್ಪು ಹಪ್ಪಳದ ಹಾಗೆ ತೆಳುವಾಗಿ
ದಕ್ಷಿಣಕ್ಕೆ ಹರಡುತ್ತದೆ.
ನಮ್ಮೂರ ನೇರಕ್ಕೆ ಬಂದರೂ ಬಂದೀತು. ಬಂದರೆ,
ಮೂರನೆಯ ದಶಾಂಶದಲ್ಲಿ ಒಂದು ಅನುಮಾನ.

"ಈ ತಿಂಗ್ಳ್ ಕಳ್ಸಿದ್ಯಾ?" ಕೇಳಿದ. ದುಡ್ಡಿನ ಮಾತು.
"ಕಳ್ಸಿದ್ದೆ," ಅಂದೆ. "ಬತ್ತಾ ಇತ್ತ್.
ನಿಧಾನ."